‘ಎಲ್ಲರೂ ಒಂದೇ’ ಎಂದು ನಕ್ಕರೆ ಲಾಭ ಯಾರಿಗೆ?

ನಂದಿನಿ ಲೇಔಟಿನಲ್ಲಿ ನಾನು ಹೋಗುವ ಕಟಿಂಗ್ ಅಂಗಡಿಗೆ ಮಂಗಳವಾರ ರಜೆ. ಹಾಗಾಗಿ 2025ರ ಡಿಸೆಂಬರ್ 2ರ ಮಂಗಳವಾರ ಸದಾಶಿವನಗರದ ಮನೆಯಲ್ಲಿ ಡಿ.ಕೆ. ಶಿವಕುಮಾರ್ ಅವರು ಸಿದ್ದರಾಮಯ್ಯನವರಿಗೆ ಬಡಿಸಿದ ಇಡ್ಲಿ, ನಾಟಿ ಕೋಳಿ ಸಾರಿನ ಮೇಲಿನ ಕಲಾಪ ಅಲ್ಲಿ ನಡೆದದ್ದು ಬುಧವಾರ ಬೆಳಿಗ್ಗೆ. ಮುಖ್ಯಮಂತ್ರಿಯ ಕುರ್ಚಿ ಯಾರಿಗೆ ಎಂಬ ತಗಾದೆ ತಣ್ಣಗಾಗಲೆಂದು ನಾಲ್ಕು ದಿನಗಳಲ್ಲಿ ನಡೆದ ಎರಡನೆಯ ಉಪಾಹಾರ ಅದು. ಗೋಡೆಯ ಮೇಲಿನ ಟಿವಿ ಅದೇ ತಟ್ಟೆಯನ್ನು ಮತ್ತೆ ಮತ್ತೆ ತೋರಿಸುತ್ತಿತ್ತು. ಅಂಗಡಿಯವರು ಕತ್ತರಿ ನಿಲ್ಲಿಸಿ ಹೇಳಿದರು: “ಸರ್, ನನ್ನ ಕುರ್ಚಿಗೂ ಮೂವರು ಕಾಯುತ್ತಿದ್ದಾರೆ. ಆದರೆ ಇಲ್ಲಿ ಕೂತವರು ಅರ್ಧ ಗಂಟೆಗೆ ತಾವಾಗಿಯೇ ಎದ್ದುಹೋಗುತ್ತಾರೆ. ದುಡ್ಡನ್ನೂ ಕೊಟ್ಟೇ ಹೋಗುತ್ತಾರೆ.”

ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ನಗು ಅಡಗುವ ಮೊದಲೇ ಪತ್ರಿಕೆಯ ಹಿಂದಿನಿಂದ ಹಿರಿಯರೊಬ್ಬರ ದನಿ ಬಂತು: “ಯಾರು ಕೂತರೇನಪ್ಪ, ರಾಗಿ ಬೀಸುವುದು ತಪ್ಪುತ್ತದೆಯೇ?” ಅದಕ್ಕೂ ಎಲ್ಲರೂ ತಲೆದೂಗಿದರು. ಮಾತು ಅಲ್ಲಿಗೆ ಮುಗಿಯಿತು.

ಈ ಎರಡು ಮಾತುಗಳನ್ನೂ ನಾವು ‘ರಾಜಕಾರಣಿಗಳ ಮೇಲಿನ ಹಾಸ್ಯ’ ಎಂಬ ಒಂದೇ ಚೀಲಕ್ಕೆ ಹಾಕುತ್ತೇವೆ. ಅವು ಒಂದೇ ಜಾತಿಯವಲ್ಲ ಎಂಬುದು ನನ್ನ ವಾದ. ಮೊದಲನೆಯದು ಕುರ್ಚಿಯನ್ನು, ಅದರ ಅವಧಿಯನ್ನು, ಅದರ ಲೆಕ್ಕವನ್ನು ಬೆರಳಿಟ್ಟು ತೋರಿಸುತ್ತದೆ. ಎರಡನೆಯದು ಎಲ್ಲರನ್ನೂ ಒಂದೇ ಏಟಿಗೆ ಬೈದು, ಅದೇ ಏಟಿಗೆ ಎಲ್ಲರನ್ನೂ ಖುಲಾಸೆಯೂ ಮಾಡಿಬಿಡುತ್ತದೆ. ರಾಜಕಾರಣವನ್ನೇ ಕಸುಬು ಮಾಡಿಕೊಂಡವರಿಗೆ ಮೊದಲನೆಯದು ಚುಚ್ಚುತ್ತದೆ, ಎರಡನೆಯದು ಗಾಳಿ ಬೀಸುತ್ತದೆ.

ಬೆಂಗಳೂರಿನಲ್ಲಿ ಇಂಥ ನಗೆಗೆ ಬರವಿಲ್ಲ, ಹಿಂದೆಯೂ ಇರಲಿಲ್ಲ. 1942ರಲ್ಲಿ ಶುರುವಾದ ಹಾಸ್ಯಪತ್ರಿಕೆ ‘ಕೊರವಂಜಿ’ ಕಾಲು ಶತಮಾನ ನಗಿಸಿತು, ಆರ್.ಕೆ. ಲಕ್ಷ್ಮಣ್ ಅವರ ಆರಂಭದ ವ್ಯಂಗ್ಯಚಿತ್ರಗಳು ಅದರಲ್ಲೇ ಬಂದವು. ಮಾಸ್ಟರ್ ಹಿರಣ್ಣಯ್ಯ ವೇದಿಕೆಯ ಮೇಲೆ ನಿಂತು ಅಧಿಕಾರದಲ್ಲಿದ್ದವರನ್ನು ಹೆಸರು ಹಿಡಿದೇ ಜರೆಯುತ್ತಿದ್ದರು. ನಮ್ಮ ತಿರಸ್ಕಾರ ಶಬ್ದಕೋಶದಲ್ಲೂ ಕೂತಿದೆ. ಮರಾಠಿಯಲ್ಲಿ ‘ಪುಢಾರಿ’ ಎಂದರೆ ಮುಂದಾಳು, ಗೌರವದ ಮಾತು. ಆ ಹೆಸರಿನ ದಿನಪತ್ರಿಕೆಯೇ ಇದೆ. ಅದೇ ಪದ ಕನ್ನಡಕ್ಕೆ ಬಂದದ್ದೇ ತಡ, ಬೈಗುಳವಾಯಿತು. ‘ಮರಿ ಪುಢಾರಿ’ ಎಂದರಂತೂ ಫ್ಲೆಕ್ಸಿನ ಮೂಲೆಯಲ್ಲಿ ಕೈಮುಗಿದು ನಿಂತ, ಚಿನ್ನದ ಸರದ, ಕಪ್ಪು ಕನ್ನಡಕದ ಒಂದು ಮುಖ ಕಣ್ಣಿಗೆ ಕಟ್ಟುತ್ತದೆ.

ನಗರದ ಅತಿ ದೊಡ್ಡ ರಾಜಕೀಯ ಜೋಕು ಕಲ್ಲಿನಲ್ಲೇ ಕೆತ್ತಿದೆ ಎನ್ನುವವರಿದ್ದಾರೆ. ಕೆಂಗಲ್ ಹನುಮಂತಯ್ಯನವರ ಕನಸಾಗಿ 1956ರಲ್ಲಿ ಪೂರ್ಣಗೊಂಡ ವಿಧಾನಸೌಧದ ನೆತ್ತಿಯ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದಿದೆ. ಕಡತ ಅಲುಗದೆ ವಾಪಸು ಬರುವವರು ಆ ಬರಹ ನೋಡಿ, “ಅದಕ್ಕೇ ದೇವರೇ ಮಾಡಿಕೊಳ್ಳಲಿ ಎಂದು ಬಿಟ್ಟಿದ್ದಾರೆ” ಎಂದು ಗೊಣಗುವುದು ಹಳೆಯ ಮಾತು. 2025ರ ಫೆಬ್ರುವರಿಯಲ್ಲಿ ಬೆಂಗಳೂರು ಅಭಿವೃದ್ಧಿಯ ಹೊಣೆ ಹೊತ್ತ ಶಿವಕುಮಾರ್ ಅವರು, ದೇವರೇ ಬಂದರೂ ಈ ನಗರವನ್ನು ರಾತ್ರೋರಾತ್ರಿ ಬದಲಿಸಲಾಗದು ಎಂಬರ್ಥದಲ್ಲಿ ಮಾತಾಡಿದಾಗ ಆ ಹಳೆಯ ಜೋಕಿಗೆ ಉತ್ತರಾರ್ಧ ಸಿಕ್ಕಂತಾಯಿತು. ಯೋಜನೆ ಹಾಕಿ ನೆಟ್ಟಗೆ ಮಾಡಿದರಷ್ಟೇ ಆದೀತು ಎಂಬುದು ಅವರ ಮಾತಿನ ಉಳಿದ ಭಾಗ. ಆದರೆ ಉಳಿದ ಭಾಗಕ್ಕೆ ಯಾರೂ ಕಾಯಲಿಲ್ಲ. ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ನಿಂತವರಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು?

ಇಷ್ಟೆಲ್ಲ ನಕ್ಕಿದ್ದರಿಂದ ಏನಾಯಿತು ಎಂದು ನೋಡಲು ಅಥಣಿಯವರೆಗೆ ಹೋಗಿಬರಬೇಕು.

2012ರ ಫೆಬ್ರುವರಿಯಲ್ಲಿ, ಸದನದೊಳಗೆ ಮೊಬೈಲಿನಲ್ಲಿ ಅಶ್ಲೀಲ ದೃಶ್ಯ ನೋಡಿದರೆಂಬ ಆರೋಪದ ಮೇಲೆ ಮೂವರು ಸಚಿವರು ರಾಜೀನಾಮೆ ಕೊಟ್ಟರು. ತಮ್ಮಿಂದ ತಪ್ಪಾಗಿಲ್ಲ ಎಂದೇ ಅವರು ಹೇಳಿದರು. ದೇಶವೇ ನಕ್ಕಿತು, ಆ ವಾರ ಬಂದ ವ್ಯಂಗ್ಯಚಿತ್ರಗಳಿಗೆ ಲೆಕ್ಕವಿಲ್ಲ. ಮೂವರಲ್ಲೊಬ್ಬರು ಅಥಣಿಯ ಲಕ್ಷ್ಮಣ ಸವದಿ. 2018ರಲ್ಲಿ ಬಿಜೆಪಿಯಿಂದ ನಿಂತ ಅವರು ಕಾಂಗ್ರೆಸ್ಸಿನ ಮಹೇಶ ಕುಮಠಳ್ಳಿ ಅವರೆದುರು ಸೋತರು. ಸೋತವರು 2019ರ ಆಗಸ್ಟಿನಲ್ಲಿ ಉಪಮುಖ್ಯಮಂತ್ರಿಯಾದರು. ಗೆದ್ದವರು ಅಷ್ಟರಲ್ಲಿ ಕಾಂಗ್ರೆಸ್ ಬಿಟ್ಟು ಅನರ್ಹಗೊಂಡು, ಡಿಸೆಂಬರ್ ಉಪಚುನಾವಣೆಯಲ್ಲಿ ಬಿಜೆಪಿಯಿಂದ ಮತ್ತೆ ಗೆದ್ದರು. 2023ರಲ್ಲಿ ಟಿಕೆಟ್ ಸಿಗದ ಸವದಿಯವರು ಕಾಂಗ್ರೆಸ್ ಸೇರಿ ಕುಮಠಳ್ಳಿಯವರನ್ನು ಸೋಲಿಸಿದರು. ಅದೇ ಕ್ಷೇತ್ರ, ಅದೇ ಇಬ್ಬರು. ಐದು ವರ್ಷದಲ್ಲಿ ಹೆಗಲ ಮೇಲಿನ ಶಾಲು ಮಾತ್ರ ಅದಲುಬದಲು. ಇದಕ್ಕಿಂತ ಒಳ್ಳೆಯ ನಗೆನಾಟಕವನ್ನು ಯಾರೂ ಬರೆಯಲಾರರು. ಆದರೆ ನಗೆಯಿಂದ ಒಬ್ಬರ ಕಸುಬೂ ನಿಲ್ಲಲಿಲ್ಲ.

ಬೆಂಗಳೂರಿನವರು ಅಥಣಿಯನ್ನು ನೋಡಿ ನಗುವಂತಿಲ್ಲ. 2019ರ ಜುಲೈನಲ್ಲಿ ಸಮ್ಮಿಶ್ರ ಸರ್ಕಾರ ಬಿದ್ದಾಗ ಸ್ಪೀಕರ್ ಅನರ್ಹಗೊಳಿಸಿದ 17 ಶಾಸಕರಲ್ಲಿ ಯಶವಂತಪುರ, ಕೆ.ಆರ್. ಪುರ, ರಾಜರಾಜೇಶ್ವರಿ ನಗರ, ಶಿವಾಜಿನಗರದವರೂ ಇದ್ದರು. ನಮ್ಮ ಮಹಾಲಕ್ಷ್ಮಿ ಲೇಔಟಿನವರೂ ಇದ್ದರು. ಸುಪ್ರೀಂ ಕೋರ್ಟ್ ನವೆಂಬರ್ 13ರಂದು ಅನರ್ಹತೆಯನ್ನು ಎತ್ತಿಹಿಡಿಯಿತು, ಆದರೆ ಚುನಾವಣೆಗೆ ನಿಲ್ಲಬಹುದು ಎಂದಿತು. ಬಿಜೆಪಿ ಟಿಕೆಟ್ ಪಡೆದ 13 ‘ಅನರ್ಹ’ರಲ್ಲಿ 11 ಮಂದಿಯನ್ನು ಮತದಾರರು ‘ಅರ್ಹ’ರನ್ನಾಗಿ ಮಾಡಿ ಕಳಿಸಿದರು. ಆ ತಿಂಗಳುಗಳಲ್ಲಿ, ರಾಜೀನಾಮೆ ಕೊಟ್ಟ ಶಾಸಕರು ತಂಗಿದ್ದ ಮುಂಬೈ ಹೋಟೆಲಿನ ಜೋಕುಗಳಿಲ್ಲದ ದಿನವೇ ಇರಲಿಲ್ಲ ಎಂಬುದನ್ನು ನೆನಪಿಡಬೇಕು. ನಮ್ಮ ಬೀದಿಯಲ್ಲೂ ಹೇಳಿದ್ದೆವು, ನಾನೂ ಹೇಳಿದ್ದೆ.

ಆ ಉಪಚುನಾವಣೆಯ ಎರಡು ಕ್ಷೇತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಕೆ.ಆರ್. ಪುರದಲ್ಲಿ ಅರ್ಧದಷ್ಟು ಮತದಾರರೂ ಮತಗಟ್ಟೆಗೆ ಬರಲಿಲ್ಲ. ಪಕ್ಷ ಬದಲಿಸಿದವರು ಸಲೀಸಾಗಿ ಗೆದ್ದರು. ಅಲ್ಲಿಂದ ಕೂಗಳತೆಯ ಹೊಸಕೋಟೆಯಲ್ಲಿ ಹತ್ತಿರ ಹತ್ತಿರ ಶೇ. 90 ಮತದಾನವಾಯಿತು, ಪಕ್ಷ ಬದಲಿಸಿದ ಎಂ.ಟಿ.ಬಿ. ನಾಗರಾಜ್ ಸೋತರು. ತಮ್ಮ ಎದೆ ಸೀಳಿದರೆ ಸಿದ್ದರಾಮಯ್ಯ ಕಾಣುತ್ತಾರೆ ಎಂಬರ್ಥದಲ್ಲಿ ಮಾತಾಡಿದ್ದವರು ಅವರು. ಹನುಮಂತನ ಎದೆಯಿಂದ ರಾಮ ಪಕ್ಷಾಂತರ ಮಾಡಿದ ಪ್ರಸಂಗ ಯಾವ ರಾಮಾಯಣದಲ್ಲೂ ಇಲ್ಲದ್ದರಿಂದ ಹೊಸಕೋಟೆಯವರು ಆ ಮಾತನ್ನು ಮರೆಯಲಿಲ್ಲ. ಜಾಸ್ತಿ ಮತದಾನವಾದರೆ ಪಕ್ಷಾಂತರಿ ಸೋಲುತ್ತಾರೆ ಎಂಬ ಸೂತ್ರವನ್ನು ನಾನು ಹೊಸೆಯುತ್ತಿಲ್ಲ. ಚಿಕ್ಕಬಳ್ಳಾಪುರದಲ್ಲೂ ಜನ ಸಾಲುಗಟ್ಟಿ ಬಂದರು, ಅಲ್ಲಿ ಪಕ್ಷ ಬದಲಿಸಿದವರೇ ಗೆದ್ದರು. ಹೊಸಕೋಟೆಯಲ್ಲಿ ಗೆದ್ದವರು ಬಿಜೆಪಿಯ ಬಂಡಾಯಗಾರರು, ಮುಂದೆ ಕಾಂಗ್ರೆಸ್ಸಿಗೆ ಹೋದರು. ಸೋತ ನಾಗರಾಜ್ ಅವರೂ ಮರುವರ್ಷ ವಿಧಾನ ಪರಿಷತ್ತಿನ ಬಾಗಿಲಿನಿಂದ ಬಂದು, 2021ರ ಜನವರಿಯಲ್ಲಿ ಮಂತ್ರಿಯಾದರು. ಇಷ್ಟಾದರೂ ಒಂದು ವ್ಯತ್ಯಾಸ ಉಳಿಯುತ್ತದೆ: ಹೊಸಕೋಟೆಯ ನಗೆ ಒಬ್ಬ ವ್ಯಕ್ತಿಯ ಒಂದು ಮಾತನ್ನು ಹಿಡಿದುಕೊಂಡಿತ್ತು, ನಗರದ ನಗೆ ಹೋಟೆಲಿನ ಈಜುಕೊಳವನ್ನು ನೋಡುತ್ತ ನಿಂತಿತ್ತು.

ಈಜುಕೊಳ ನೋಡುವಾಗ ಕಣ್ಣು ತಪ್ಪಿದ್ದು ಕಾನೂನಿನ ಕಿಂಡಿ. ಪಕ್ಷಾಂತರ ತಡೆಯಲೆಂದು 1985ರಲ್ಲಿ ಸಂವಿಧಾನಕ್ಕೆ ಹತ್ತನೆಯ ಪರಿಚ್ಛೇದ ಸೇರಿತು. ಮೂರನೇ ಒಂದು ಭಾಗ ಒಡೆದುಹೋದರೆ ತಪ್ಪಲ್ಲ ಎಂಬ ವಿನಾಯಿತಿಯನ್ನು 2003ರಲ್ಲಿ ತೆಗೆದರು. ಹಾಗಾದರೆ ರಾಜೀನಾಮೆಯನ್ನೇ ಕೊಟ್ಟು, ಹೊಸ ಪಕ್ಷದಿಂದ ಮರಳಿ ಗೆದ್ದು ಬಂದರಾಯಿತಲ್ಲ ಎಂದು 2008ರಲ್ಲಿ ಇಡೀ ದೇಶಕ್ಕೆ ಪಾಠ ಮಾಡಿದ್ದು ಕರ್ನಾಟಕ. ‘ಆಪರೇಷನ್ ಕಮಲ’ ಎಂಬ ಮಾತು ಹುಟ್ಟಿದ್ದು ಇಲ್ಲಿ. ಅವರನ್ನು ಊಸರವಳ್ಳಿ, ಕಪ್ಪೆ, ವಲಸೆ ಹಕ್ಕಿ ಎಂದೆಲ್ಲ ಕರೆದು ನಾವು ಹಗುರಾಗುತ್ತೇವೆ. ಆದರೆ ಕಪ್ಪೆ ಜಿಗಿಯುವುದು ಅದರ ಹುಟ್ಟುಗುಣ, ಅದಕ್ಕೆ ಶಿಕ್ಷೆ ಉಂಟೇ? ಪ್ರಾಣಿಯ ಹೆಸರಿಟ್ಟ ಕೂಡಲೇ ಮನುಷ್ಯನ ಲೆಕ್ಕಾಚಾರ, ಅದಕ್ಕೆ ದಾರಿ ಬಿಟ್ಟ ಕಾಯಿದೆ, ಮತ್ತೆ ಮುದ್ರೆ ಒತ್ತಿದ ನಾವು ಮೂವರೂ ಮರೆಗೆ ಸರಿಯುತ್ತೇವೆ.

ಇದೇ ಬಗೆಯಲ್ಲಿ ಗುರಿ ತಪ್ಪುವ ಇನ್ನೊಂದು ನಗೆ ಸಂಬಳದ್ದು. 2025ರ ಮಾರ್ಚ್ 21ರಂದು ವಿಧಾನಸಭೆಯಲ್ಲಿ ಕಾಗದ ಹರಿದು ಸ್ಪೀಕರ್ ಪೀಠದತ್ತ ತೂರಿದರು, 18 ಶಾಸಕರು ಅಮಾನತಾದರು. ಅದೇ ಗದ್ದಲದಲ್ಲಿ, ಚರ್ಚೆಯೇ ಇಲ್ಲದೆ, ಶಾಸಕರ ಸಂಬಳ 40,000 ರೂಪಾಯಿಯಿಂದ 80,000ಕ್ಕೂ ಮುಖ್ಯಮಂತ್ರಿಯದು 75,000ದಿಂದ ಒಂದೂವರೆ ಲಕ್ಷಕ್ಕೂ ಏರಿತು. ‘ಅಮಾನತಾದವರಿಗೂ ಹೆಚ್ಚಳ ಉಂಟೇ’ ಎಂಬ ಪ್ರಶ್ನೆ ಮಜವಾಗಿದೆ. ನಾನು ಮಾತ್ರ ಈ ಜೋಕಿಗೆ ಪೂರ್ತಿ ನಗಲಾರೆ. ಈಗಿನ ಸದನದಲ್ಲಿ ಕೋಟ್ಯಧಿಪತಿಗಳಲ್ಲದವರನ್ನು ಬೆರಳಿನಲ್ಲಿ ಎಣಿಸಬಹುದು. ಅವರೇ ಸಲ್ಲಿಸಿದ ಪ್ರಮಾಣಪತ್ರಗಳ ಮಾತು ಇದು. ಅವರು 80,000ಕ್ಕಾಗಿ ಬಂದವರಲ್ಲ. ವಿಧಾನಸಭಾ ಅಭ್ಯರ್ಥಿಯ ಖರ್ಚಿನ ಮಿತಿ 40 ಲಕ್ಷ ರೂಪಾಯಿ ಎಂದಿದೆಯಲ್ಲ, ನಗುವುದಾದರೆ ಅದಕ್ಕೆ ನಗಬೇಕು. ಕುಕ್ಕರು, ಸೀರೆ, ದೇವಸ್ಥಾನದ ಪ್ರವಾಸ, ಬಿ ಫಾರಂಗಾಗಿ ದೆಹಲಿ ಓಡಾಟ ಕಂಡ ಯಾರೂ ಆ ಅಂಕಿಯನ್ನು ನಗದೆ ಓದಲಾರರು. ಸಂಬಳಕ್ಕೆ ನಕ್ಕರೆ ಆ ದೊಡ್ಡ ಬಾಬ್ತು ಕೇಳದೇ ಉಳಿಯುತ್ತದೆ.

ರಾಜಕಾರಣ ಕಸುಬಾಗಬಾರದು ಎಂಬ ಮಾತಿಗೂ ನನ್ನ ಅರ್ಧ ಒಪ್ಪಿಗೆ ಮಾತ್ರ. ಮಗಳ ಮದುವೆಗೆ ಅಡುಗೆಯವರನ್ನು ಹುಡುಕುವಾಗ ಇಪ್ಪತ್ತು ವರ್ಷ ಸೌಟು ಹಿಡಿದವರನ್ನೇ ಕೇಳುತ್ತೇವೆ. ಕಾನೂನು ಬರೆಯುವುದಕ್ಕೆ ಮಾತ್ರ ನಿನ್ನೆ ಬಂದವರೇ ಶುದ್ಧರು ಎನ್ನುತ್ತೇವೆ. ದೇವೇಗೌಡರು ಪಕ್ಷೇತರರಾಗಿ ಹೊಳೆನರಸೀಪುರದಿಂದ ಮೊದಲು ಗೆದ್ದದ್ದು 1962ರಲ್ಲಿ. ಮಲ್ಲಿಕಾರ್ಜುನ ಖರ್ಗೆ 1972ರಿಂದ ಸೋಲೇ ಕಾಣದೆ ಬಂದು 2019ರಲ್ಲಿ ಮೊದಲ ಬಾರಿ ಸೋತರು. ಅವರ ರಾಜಕಾರಣ ಒಪ್ಪುವುದು ಬಿಡುವುದು ಬೇರೆ. ನಿಯಮಾವಳಿಯ ಪುಸ್ತಕ ಬಾಯಿಪಾಠವಿರುವವರು ಸದನಕ್ಕೆ ಬೇಕು. ತೊಂದರೆ ಇರುವುದು ಅನುಭವದಲ್ಲಲ್ಲ. ಸೋತವರಿಗೆ ನಿಗಮ–ಮಂಡಳಿ, ನಿಗಮ ಸಿಗದವರಿಗೆ ಪರಿಷತ್ತು, ವಯಸ್ಸಾದವರಿಗೆ ಮಗ ಎಂದು ಯಾರೂ ಮನೆಗೆ ಹೋಗದಂತೆ ಮಾಡಿಟ್ಟ ಏರ್ಪಾಡಿನಲ್ಲಿ.

ಈಗ ರಾಗಿಗೆ ಬರೋಣ. ರಾಮ ಆಳಿದರೂ ರಾವಣ ಆಳಿದರೂ ರಾಗಿ ಬೀಸುವುದು ತಪ್ಪಲಿಲ್ಲ ಎಂಬ ಗಾದೆ ಹುಟ್ಟಿದ್ದು ಬೀಸುಕಲ್ಲಿನ ಗೂಟ ಹಿಡಿದವಳ ಬಾಯಲ್ಲಿ. ಅವಳಿಗೆ ಮತ ಇರಲಿಲ್ಲ, ರಾಮನನ್ನೂ ರಾವಣನನ್ನೂ ಅವಳು ಆರಿಸಿರಲಿಲ್ಲ. ಅವಳ ಬಾಯಲ್ಲಿ ಅದು ಸತ್ಯ. ಆದರೆ ನಂದಿನಿ ಲೇಔಟಿನಲ್ಲಿ ಇವತ್ತು ಯಾರ ಮನೆಯಲ್ಲಿ ಬೀಸುಕಲ್ಲು ತಿರುಗುತ್ತದೆ? ಡಬ್ಬ ಹಿಡಿದು ಮಿಲ್ಲಿಗೆ ಹೋಗುತ್ತೇವೆ, ಇಲ್ಲವೇ ಪೊಟ್ಟಣ ತರುತ್ತೇವೆ. ರಾಗಿ ಬೀಸುವುದು ತಪ್ಪಿದೆ. ಮಿಲ್ಲಿಗೆ ಕರೆಂಟು ಬಂದದ್ದು ಆಳಿದವರ ತೀರ್ಮಾನದಿಂದ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ, ಬೆಂಗಳೂರಿನ ಬೀದಿದೀಪಕ್ಕೆ ಬಂದದ್ದು 1905ರಲ್ಲಿ. ಯಾರಿಗೆ ಮೊದಲು, ಯಾರಿಗೆ ಆಮೇಲೆ ಎಂಬುದೂ ಆಳುವವರೇ ಮಾಡಿದ ತೀರ್ಮಾನ. ಪತ್ರಿಕೆಯ ಹಿಂದಿನ ಹಿರಿಯರು ಬೀಸುವವಳ ಗಾದೆಯನ್ನು ಎರವಲು ಪಡೆದಿದ್ದಾರೆ, ಅವಳ ರಟ್ಟೆನೋವನ್ನಲ್ಲ.

ಯಾರು ಈ ‘ಎಲ್ಲರೂ ಒಂದೇ’ ಎನ್ನುವವರು ಎಂದು ಗಮನಿಸಿದರೆ ನನಗೆ ಕಾಣುವುದು ಬಹುಪಾಲು ನನ್ನಂಥವರೇ: ಗಂಡಸರು, ಮನೆಯಲ್ಲಿ ಬೋರ್‌ವೆಲ್ಲೋ ಇನ್ವರ್ಟರೋ ಇದ್ದವರು, ಮಕ್ಕಳನ್ನು ಖಾಸಗಿ ಶಾಲೆಗೆ ಕಳಿಸಿದವರು. ಸರ್ಕಾರ ಬದಲಾದರೆ ನಮಗೆ ಬದಲಾಗುವುದು ಕಡಿಮೆ. 2023ರ ಜೂನ್ 11ರಿಂದ ಬಸ್ಸಿನಲ್ಲಿ ಟಿಕೆಟ್ಟಿಗೆ ಕಾಸು ಕೊಡದೆ ಗಾರ್ಮೆಂಟ್ಸಿಗೆ ಹೋಗುವ ಹೆಂಗಸು ‘ಯಾರು ಬಂದರೂ ಒಂದೇ’ ಎನ್ನಲಾರಳು. ‘ಶಕ್ತಿ’ ಯೋಜನೆ ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ಆ ಯೋಜನೆಯ ಮೇಲೆ ಮೊಬೈಲಿಗೆ ಬಂದ ಜೋಕುಗಳಲ್ಲಿ ಹೆಚ್ಚಿನವು ಮಂತ್ರಿಯ ಮೇಲಿರಲಿಲ್ಲ, ಸೀಟಿನಲ್ಲಿ ಕೂತ ಹೆಂಗಸರ ಮೇಲಿದ್ದವು. ನಗೆ ಯಾವ ಕಡೆಗೆ ಹರಿಯಿತು ನೋಡಿ.

ಅದೇ ವರ್ಷದ ವಿಧಾನಸಭಾ ಚುನಾವಣೆಯಲ್ಲಿ ರಾಜ್ಯದಲ್ಲಿ ಶೇ. 73ರಷ್ಟು ಮತದಾನವಾದರೆ ಬೆಂಗಳೂರಿನಲ್ಲಿ ಶೇ. 54ರ ಆಸುಪಾಸು. ಊರು ಬಿಟ್ಟವರ, ಎರಡೆರಡು ಕಡೆ ಇರುವವರ ಹೆಸರುಗಳಿಂದ ಇಲ್ಲಿಯ ಪಟ್ಟಿ ಊದಿಕೊಂಡಿದೆ ಎಂಬುದು ನಿಜ, ಅಷ್ಟು ರಿಯಾಯಿತಿ ಕೊಡೋಣ. ಆದರೂ ಜಯನಗರದಲ್ಲಿ ಆ ಸಲ ಫಲಿತಾಂಶ ನಿಂತದ್ದು 16 ಮತಗಳ ಮೇಲೆ. ಹದಿನಾರು! ಬೆಳಗಿನ ಏಳೂವರೆಗೆ ಯಾವುದೇ ದರ್ಶಿನಿಯ ಮುಂದೆ ಲೋಟ ಹಿಡಿದು ರಾಜಕಾರಣಿಗಳನ್ನು ಬೈಯುತ್ತ ನಿಂತವರ ಸಂಖ್ಯೆ ಅದಕ್ಕಿಂತ ಹೆಚ್ಚು.

ನಗೆ ಕೆಲಸ ಮಾಡಿದ ಉದಾಹರಣೆಯೂ ಇದೇ ಊರಿನಲ್ಲಿದೆ. 2015ರಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿ ಸುಲ್ತಾನಪಾಳ್ಯದ ರಸ್ತೆಗುಂಡಿಯ ನೀರಿಗೆ ಒಂದು ಮೊಸಳೆಯನ್ನು ಮಾಡಿ ಬಿಟ್ಟರು. 2019ರ ಸೆಪ್ಟೆಂಬರಿನಲ್ಲಿ, ಚಂದ್ರಯಾನ-2ರ ಮಾತು ಎಲ್ಲೆಡೆ ಇದ್ದಾಗ, ಹೇರೋಹಳ್ಳಿಯ ಹೊಂಡಗಳ ನಡುವೆ ವ್ಯೋಮಯಾನಿಯ ದಿರಿಸಿನಲ್ಲಿ ಒಬ್ಬರನ್ನು ನಿಧಾನವಾಗಿ ನಡೆಸಿ ಚಿತ್ರೀಕರಿಸಿದರು; ಚಂದ್ರನ ನೆಲವೇ ಎಂದು ನೋಡುತ್ತಿದ್ದಂತೆ ಪಕ್ಕದಲ್ಲಿ ಆಟೋ ಹಾದುಹೋಗುತ್ತದೆ. ಒಂದೆರಡು ದಿನಗಳಲ್ಲೇ ಪಾಲಿಕೆಯವರು ಬಂದು ರಸ್ತೆ ಸರಿಮಾಡಿದರು. ಆ ನಗೆಗೆ ವಿಳಾಸವಿತ್ತು. ‘ಬೆಂಗಳೂರಿನ ರಸ್ತೆಗಳೆಲ್ಲ ಹೀಗೇ’ ಎಂದು ನಿಟ್ಟುಸಿರು ಬಿಟ್ಟಿದ್ದರೆ ಒಂದು ಬಾಂಡಲಿ ಜಲ್ಲಿಯೂ ಬೀಳುತ್ತಿರಲಿಲ್ಲ. ಅದರ ಮಿತಿಯೂ ಕಣ್ಣಿಗೆ ಕಾಣುವಂಥದ್ದೇ: ವ್ಯೋಮಯಾನಿ ಬಾರದ ಪಕ್ಕದ ರಸ್ತೆಗೆ ಡಾಂಬರೂ ಬರಲಿಲ್ಲ.

2022ರ ಸೆಪ್ಟೆಂಬರಿನ ‘ಪೇಸಿಎಂ’ ಭಿತ್ತಿಪತ್ರಕ್ಕೂ ವಿಳಾಸವಿತ್ತು. ಗುತ್ತಿಗೆದಾರರ ಸಂಘ ಮಾಡಿದ್ದ ಶೇ. 40 ಕಮಿಷನ್ ಆರೋಪವನ್ನು ಮೊಬೈಲ್ ಪಾವತಿಯ ಚೌಕದೊಳಗೆ ಮುಖ್ಯಮಂತ್ರಿ ಬೊಮ್ಮಾಯಿಯವರ ಮುಖವಿಟ್ಟು ಗೋಡೆಗಂಟಿಸಿದ್ದರು. ತರಕಾರಿ ಗಾಡಿಯಲ್ಲೂ ಅಂಥದೇ ಚೌಕ ನೇತಾಡುವ ಊರಿನಲ್ಲಿ ಅದನ್ನು ವಿವರಿಸಬೇಕಾಗಲಿಲ್ಲ. ಪೊಲೀಸರು ಅಂಟಿಸಿದವರನ್ನು ಹಿಡಿದದ್ದು ಪುಕ್ಕಟೆ ಪ್ರಚಾರವಾಯಿತು. ಆದರೆ ಅದು ಬೀದಿಯಲ್ಲಿ ಹುಟ್ಟಿದ ನಗೆಯಲ್ಲ, ಕಾಂಗ್ರೆಸ್ ಪಕ್ಷ ತಯಾರಿಸಿ ತಂದ ನಗೆ. ಮರುವರ್ಷ ಅವರು 135 ಸ್ಥಾನ ಗೆದ್ದರು. ವಾಲ್ಮೀಕಿ ನಿಗಮದ ಹಣ, ಮೈಸೂರಿನ ನಿವೇಶನಗಳ ವಿಷಯ ಎದ್ದಾಗ ಅದೇ ಬಗೆಯ ಚೇಷ್ಟೆ ಅವರ ಕಡೆಗೇ ತಿರುಗಿತು. ಈಗ ಎಲ್ಲ ಪಕ್ಷಗಳೂ ನಗಿಸುವವರನ್ನು ಸಂಬಳಕ್ಕೆ ಇಟ್ಟುಕೊಂಡಿವೆ. ನಿಮ್ಮ ಮೊಬೈಲಿಗೆ ಬೆಳಿಗ್ಗೆ ಬಂದ ಜೋಕು ಗೆಳೆಯನದೋ ಪಕ್ಷದ ಕಚೇರಿಯದೋ ಹೇಳುವುದು ಕಷ್ಟ.

ನಗುವ ಹಕ್ಕು ನಮ್ಮೊಬ್ಬರದೇ ಎಂದುಕೊಳ್ಳುವುದೂ ತಪ್ಪು. ಜೆ.ಎಚ್. ಪಟೇಲರಂಥವರು ತಮ್ಮನ್ನೇ ಗೇಲಿ ಮಾಡಿಕೊಂಡು ಎದುರಿನವರ ಬಾಯಿ ಕಟ್ಟುತ್ತಿದ್ದರು, ಅದೊಂದು ಕಲೆ. 2021ರ ಡಿಸೆಂಬರಿನಲ್ಲಿ ಸದನದಲ್ಲಿ ಹಿರಿಯ ಶಾಸಕರೊಬ್ಬರು ಅತ್ಯಾಚಾರವನ್ನು ಹೋಲಿಕೆಗೆ ಎಳೆದು ಮಾತಾಡಿದಾಗಲೂ ಒಳಗಿದ್ದವರು ನಕ್ಕರು, ಪೀಠವೂ ನಕ್ಕಿತು. ಮರುದಿನ ಕ್ಷಮೆ ಬಂತು. ಆ ದಿನ ಹೊರಗಡೆ ನಗಲು ಯಾರಿಗೂ ಆಗಲಿಲ್ಲ. ಎಲ್ಲದಕ್ಕೂ ನಕ್ಕು ರೂಢಿಯಾದ ಸದನವನ್ನು, ಎಲ್ಲದಕ್ಕೂ ನಕ್ಕು ರೂಢಿಯಾದ ನಾವೇ ಕಳಿಸಿದ್ದು.

ಆ ಬುಧವಾರ ನನ್ನ ಸರದಿ ಮುಗಿಸಿ ಏಳುವಾಗ ಸುಮ್ಮನೆ ಕೇಳಿದೆ: “ನಮ್ಮ ವಾರ್ಡಿನ ಕಾರ್ಪೊರೇಟರ್ ಯಾರು?” ಒಬ್ಬರು ಹಳೆಯ ಹೆಸರೊಂದನ್ನು ಹೇಳಿದರು, ಇನ್ನೊಬ್ಬರು ಬೇರೆಯದನ್ನು. ಎರಡೂ ತಪ್ಪು. 2015ರಲ್ಲಿ ಆರಿಸಿಬಂದ ಪಾಲಿಕೆಯ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿದಿತ್ತು. ಮೀಸಲಾತಿ ಪಟ್ಟಿ, ವಾರ್ಡ್ ವಿಂಗಡಣೆ, ಕೋರ್ಟು ಎಂದು ಐದು ವರ್ಷ ದಾಟಿತ್ತು. ಸರ್ಕಾರಗಳು ಬದಲಾದವು, 2025ರ ಸೆಪ್ಟೆಂಬರಿನಲ್ಲಿ ಒಂದು ಪಾಲಿಕೆ ಐದಾಯಿತು. ಆ ಐದರಲ್ಲಿ ಒಂದರಲ್ಲೂ ಅಂದು ಆರಿಸಿಬಂದ ಒಬ್ಬ ಸದಸ್ಯನಿರಲಿಲ್ಲ. ಮುಖ್ಯಮಂತ್ರಿಯ ಕುರ್ಚಿಯ ಮೇಲೆ ಆ ಬೆಳಿಗ್ಗೆ ಆ ಅಂಗಡಿಯಲ್ಲಿ ಏಳೆಂಟು ಜೋಕು ಹುಟ್ಟಿದ್ದವು. ನಮ್ಮ ಬೀದಿಯ ಮೋರಿಗೆ ಉತ್ತರ ಹೇಳಬೇಕಾದ ಈ ಕುರ್ಚಿಯ ಮೇಲೆ ಐದು ವರ್ಷದಲ್ಲಿ ಒಂದು ಜೋಕನ್ನೂ ನಾನು ಕೇಳಿಲ್ಲ.

“ಹಾಗಾದರೆ ಅಲ್ಲಿ ಯಾರೂ ಕೂತೇ ಇಲ್ಲವೇ ಸರ್?” ಎಂದರು ಅಂಗಡಿಯವರು. ಟಿವಿಯಲ್ಲಿ ಇನ್ನೂ ನಾಟಿ ಕೋಳಿ ನಡೆದಿತ್ತು. ಅವರು ಬಟ್ಟೆ ಕೊಡವಿ, ಮುಂದಿನವರನ್ನು ಕರೆದರು.